ಮಕ್ಕಳ ಕಣ್ಣು ಮಂಜಾಗುವುದು ಏಕೆ?

ಕಣ್ಣು ಕಾಣದಿರುವುದು ಹಣೆಬರಹ ಎಂದು ನಮ್ಮೂರಲ್ಲಿ ಹೇಳುತ್ತಾರೆ. ನಾನು ವಿಜ್ಞಾನದ ಮೇಷ್ಟ್ರನ್ನೂ ಉಪಕೇಂದ್ರದ ಸಿಸ್ಟರನ್ನೂ ಕೇಳಿ ತಿಳಿದುಕೊಂಡ ಪ್ರಕಾರ ಅದು ಪೂರ್ತಿ ನಿಜ ಅಲ್ಲ. ಎಷ್ಟೋ ಕಾರಣಗಳನ್ನು ತಡೆಯಬಹುದು.

ಮಸೂರವನ್ನು ಕಿಟಕಿ ಎದುರು ಹಿಡಿದಾಗ ಹೊರಗಿನ ತೆಂಗಿನಮರ ಗೋಡೆ ಮೇಲೆ ತಲೆಕೆಳಗಾಗಿ ಬಿದ್ದಿದ್ದು ನೆನಪಿದೆ ತಾನೇ? ಕಣ್ಣಿನೊಳಗೂ ಹಾಗೆಯೇ. ಮುಂದೆ ಗಾಜಿನಂಥ ಕಾರ್ನಿಯಾ, ಅದರ ಹಿಂದೆ ಮಸೂರ, ಕೊನೆಗೆ ಗೋಡೆಯಂತೆ ಅಕ್ಷಿಪಟಲ. ಅಲ್ಲಿಂದ ನರದ ಮೂಲಕ ಮಿದುಳಿಗೆ. ಈ ದಾರಿಯಲ್ಲಿ ಎಲ್ಲಿ ಕೆಟ್ಟರೂ ನೋಟ ಕೆಡುತ್ತದೆ.

ಶಾಲೆ ಮಕ್ಕಳಲ್ಲಿ ಹೆಚ್ಚಾಗಿ ಇರುವುದು ಸಮೀಪದೃಷ್ಟಿ. ಕಣ್ಣುಗುಡ್ಡೆ ಸ್ವಲ್ಪ ಉದ್ದವಾಗಿ ಬೆಳೆದರೆ ದೂರದ ಚಿತ್ರ ಅಕ್ಷಿಪಟಲ ಮುಟ್ಟುವ ಮೊದಲೇ ಕೂಡಿಕೊಂಡು ಮಸುಕಾಗುತ್ತದೆ. ಕಷ್ಟ ಏನೆಂದರೆ ತನಗೆ ಕಾಣುತ್ತಿಲ್ಲ ಅಂತ ಆ ಹುಡುಗನಿಗೇ ಗೊತ್ತಿರುವುದಿಲ್ಲ. ಎಲ್ಲರಿಗೂ ಬೋರ್ಡು ಹಂಗೇ ಕಾಣ್ತದೆ ಅಂದ್ಕೊಂಡಿರ್ತಾನೆ. ನಮ್ಮ ಕೇರಿಯ ನಾಲ್ಕನೇ ತರಗತಿ ಹುಡುಗ ಪಕ್ಕದವನ ಪುಸ್ತಕ ನೋಡಿಕೊಂಡೇ ಬರೆಯುತ್ತಿದ್ದ. ಅವನನ್ನು ದಡ್ಡ, ಕಾಪಿ ಹೊಡೆಯೋನು ಅಂತ ಎಲ್ಲರೂ ಅಂದರು. ಕನ್ನಡಕ ಬಂದ ದಿನ ಹುಣಸೆಮರ ನೋಡಿ, "ಅಷ್ಟು ದೂರದಿಂದ ಎಲೆ ಬಿಡಿಬಿಡಿಯಾಗಿ ಕಾಣ್ತವಾ?" ಅಂದ. ಹುಡುಗಿಯರದ್ದು ಇನ್ನೂ ಕಷ್ಟ. ಕನ್ನಡಕ ಹಾಕಿದರೆ ಗಂಡು ಸಿಗಲ್ಲ ಅಂತ ಹಾಕಿಸುವುದೇ ಇಲ್ಲ!

ಒಂದೇ ಕಣ್ಣು ಮಂಜಾಗಿದ್ದರೆ ಅಥವಾ ಮೆಳ್ಳೆಗಣ್ಣಿದ್ದರೆ ಮಿದುಳು ಆ ಕಣ್ಣಿನ ಚಿತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟುಬಿಡುತ್ತದೆ. ಇದಕ್ಕೆ ಸೋಮಾರಿ ಕಣ್ಣು ಎಂದು ಹೆಸರು. ಏಳೆಂಟು ವರ್ಷದೊಳಗೆ ಚಿಕಿತ್ಸೆ ಆದರೆ ಚೆನ್ನಾಗಿ ಸರಿಹೋಗುತ್ತದೆ, ತಡವಾದಷ್ಟೂ ಕಷ್ಟ. ಮೆಳ್ಳೆಗಣ್ಣು ಅದೃಷ್ಟ ಅನ್ನುವ ಅಜ್ಜಿಯರು ಇದನ್ನು ಕೇಳಬೇಕು.

ಇನ್ನು ಎ ಜೀವಸತ್ವ. ಮಬ್ಬು ಬೆಳಕಿನಲ್ಲಿ ನೋಡಲು ಅಕ್ಷಿಪಟಲಕ್ಕೆ ಇದು ಬೇಕೇ ಬೇಕು. ಕಡಿಮೆಯಾದರೆ ದೀಪ ಹಚ್ಚುವ ಹೊತ್ತಿಗೆ ಮಗು ಎಡವುತ್ತದೆ. ಅದೇ ಇರುಳುಗುರುಡು. ಆಮೇಲೆ ಬಿಳಿಗುಡ್ಡೆ ಒಣಗಿ ನೊರೆಯಂಥ ಮಚ್ಚೆ ಬೀಳುತ್ತದೆ. ಆಗಲೂ ಬಿಟ್ಟರೆ ಕಾರ್ನಿಯಾ ಮೆತ್ತಗಾಗಿ ಕರಗಿ, ಹೋದ ಕಣ್ಣು ವಾಪಸ್ ಬರುವುದಿಲ್ಲ. ದಡಾರ ಬಂದ ಮಗುವಿಗೆ ಈ ಅಪಾಯ ಜಾಸ್ತಿ. ಅದಕ್ಕೇ 9 ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ಎ ಜೀವಸತ್ವದ ದ್ರಾವಣ 1 ಲಕ್ಷ ಯೂನಿಟ್, ನಂತರ 5 ವರ್ಷದವರೆಗೆ 2 ಲಕ್ಷದಂತೆ, ಒಟ್ಟು 9 ಸಲ ಕುಡಿಸುತ್ತಾರೆ. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿಯಲ್ಲೂ ಇದೆ. ಸೊಪ್ಪಿಗೆ ಸ್ವಲ್ಪ ಎಣ್ಣೆ ಒಗ್ಗರಣೆ ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಇಲ್ಲಿ ಸುಳ್ಳು.

ಹುಟ್ಟಿನಿಂದ ಬರುವ ಪೊರೆಯೂ ಇದೆ. ಬಸುರಿಯಲ್ಲಿ ತಾಯಿಗೆ ರುಬೆಲ್ಲಾ ಬಂದರೆ ಮಗುವಿಗೆ ಹೀಗಾಗಬಹುದು. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದಿನ ಅಭಿಯಾನ ಶುರುವಾದಾಗ ನಾವು ಚಿಕ್ಕವರು. ಕರಿಗುಡ್ಡೆ ನಡುವೆ ಬೆಳ್ಳಗೆ ಹೊಳೆದರೆ ಅದು ಪೊರೆ ಇರಬಹುದು, ಕ್ಯಾನ್ಸರೂ ಇರಬಹುದು. ಒಂದು ದಿನವೂ ಕಾಯಬಾರದು. ತಿಂಗಳು ತುಂಬದೆ, 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಅಕ್ಷಿಪಟಲವನ್ನು 30 ದಿನದೊಳಗೆ ಪರೀಕ್ಷಿಸಬೇಕು.

ನಮ್ಮ ಮನೆಗಳಲ್ಲೇ ಇರುವ ಶತ್ರು ಎಲೆ ಅಡಿಕೆಯ ಸುಣ್ಣ. ಸುಣ್ಣದ ಪ್ಯಾಕೆಟನ್ನು ಮಕ್ಕಳು ಹಿಚುಕಿದರೆ ಪಟ್ ಅಂತ ಒಡೆದು ಕಣ್ಣಿಗೆ ಹಾರುತ್ತದೆ. ಸುಣ್ಣ ಮೇಲೇ ನಿಲ್ಲದೆ ಒಳಗೊಳಗೇ ಸುಡುತ್ತಾ ಹೋಗುತ್ತದೆ. ಎಣ್ಣೆ, ಎದೆಹಾಲು, ಸೊಪ್ಪಿನ ರಸ ಏನನ್ನೂ ಬಿಡಬೇಡಿ. ಆ ಕ್ಷಣವೇ ರೆಪ್ಪೆ ಬಿಡಿಸಿ ಅರ್ಧ ಗಂಟೆ ಶುದ್ಧ ನೀರು ಸುರಿಯುತ್ತಾ ತೊಳೆಯಬೇಕು. ಆಮೇಲೆ ಆಸ್ಪತ್ರೆ. ಲಗೋರಿ, ಚಿನ್ನಿದಾಂಡು, ಪಟಾಕಿ ಬಗ್ಗೆ ನಿಮಗೇ ಗೊತ್ತು.

ಶನಿವಾರ ಬೆಳಿಗ್ಗೆ ಶಾಲೆಯ ಜಗುಲಿಯಲ್ಲಿ 6 ಮೀಟರ್ ಅಳೆದು ಗೆರೆ ಹಾಕುತ್ತೇವೆ. ಒಂದೊಂದೇ ಕಣ್ಣು ಮುಚ್ಚಿ, ಇಂಗ್ಲಿಷಿನ ಇ ಅಕ್ಷರದ ಕಾಲು ಯಾವ ಕಡೆಗಿದೆ ಎಂದು ಕೈ ತೋರಿಸಿದರೆ ಸಾಕು. ಕಾಣದವರ ಹೆಸರನ್ನು ಮೇಷ್ಟ್ರು ಬರೆದಿಟ್ಟು ವೈದ್ಯರ ತಂಡ ಬಂದಾಗ ಕೊಡುತ್ತಾರೆ. ಒಂದನೇ ತರಗತಿಯ ತಮ್ಮ ತಂಗಿಯರನ್ನೂ ಕರೆದುಕೊಂಡು ಬನ್ನಿ.