ಬಿಯಾಟ್ರಿಸ್ ಹೇಳಿದ ಸುಳ್ಳು

ರಮ್ಯ ಕವಿಗಳೆಂದರೆ ಹೂವು, ಹಕ್ಕಿ, ಮೋಡ ಎಂದೇ ನಮ್ಮ ತರಗತಿಯಲ್ಲಿ ಹಲವರ ಎಣಿಕೆ. ಅಂಥವರಲ್ಲೊಬ್ಬನಾದ ಶೆಲ್ಲಿ 1819ರಲ್ಲಿ ‘ದಿ ಚೆಂಚಿ’ ಎಂಬ ಟ್ರ್ಯಾಜಿಡಿ, ಅಂದರೆ ರುದ್ರನಾಟಕ, ಬರೆದ. ತಂದೆಯನ್ನು ಕೊಲ್ಲಿಸಿದ ಆರೋಪದಲ್ಲಿ 1599ರಲ್ಲಿ ರೋಮ್‌ನಲ್ಲಿ ಶಿರಚ್ಛೇದಕ್ಕೆ ಗುರಿಯಾದ ಬಿಯಾಟ್ರಿಸ್ ಚೆಂಚಿಯ ಕಥೆ ಅದು.

ನಾಟಕದ ಕೌಂಟ್ ಚೆಂಚಿ ಒಂದು ಕೊಲೆಯನ್ನು ಆಸ್ತಿ ತೆತ್ತು ಮುಚ್ಚಿಹಾಕಿಸಿದವನು. ಸ್ವಂತ ಮಗಳ ಮೇಲೆಯೇ ಘೋರ ದೌರ್ಜನ್ಯ ಎಸಗುತ್ತಾನೆ. ಅದರ ಹೆಸರನ್ನು ನಾಟಕದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನ್ಯಾಯ ಕೇಳಲು ಜಾಗವಿಲ್ಲದೆ ಬಿಯಾಟ್ರಿಸ್ ಬಾಡಿಗೆ ಹಂತಕರಿಂದ ಅವನನ್ನು ಕೊಲ್ಲಿಸುತ್ತಾಳೆ. ಬೆನ್ನಲ್ಲೇ ಪೋಪರ ಅಧಿಕಾರಿ ಬರುತ್ತಾನೆ. ಅವನ ಬಳಿ ಇರುವುದು ಅದೇ ಚೆಂಚಿಯ ಮರಣದಂಡನೆಯ ಆಜ್ಞೆ! ಗ್ರೀಕ್ ನಾಟಕಗಳ ವಿಧಿ ಆಡುವ ಆಟವೂ ಹೀಗೆಯೇ.

ಆದರೆ ನನ್ನ ಮಟ್ಟಿಗೆ ದುರಂತವಿರುವುದು ವಿಚಾರಣೆಯ ದೃಶ್ಯದಲ್ಲಿ. ಹಂತಕ ಮಾರ್ಜಿಯೊ ನಿಜ ಒಪ್ಪಿಕೊಂಡಿದ್ದಾನೆ. ಬಿಯಾಟ್ರಿಸ್ ಅವನನ್ನೇ ದಿಟ್ಟಿಸುತ್ತಾ, ತಾನು ನಿರ್ದೋಷಿ ಎಂದು ವಾದಿಸುತ್ತಾಳೆ. ಆ ನೋಟ ತಾಳಲಾರದೆ ಅವನು ಮಾತು ಬದಲಿಸಿ, ಚಿತ್ರಹಿಂಸೆಯಲ್ಲಿ ಸಾಯುತ್ತಾನೆ. ನಾವು ಅವಳ ಪರವೇ. ಆದರೂ ಈ ಸಾವು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸೇಡು ತೀರಿಸಿಕೊಳ್ಳದಿದ್ದರೆ ಅವಳು ಇನ್ನೂ ವಿವೇಕಿಯಾಗಿರುತ್ತಿದ್ದಳು, ಆದರೆ ದುರಂತ ಪಾತ್ರವಾಗುತ್ತಿರಲಿಲ್ಲ ಎಂದು ಮುನ್ನುಡಿಯಲ್ಲಿ ಶೆಲ್ಲಿಯೇ ಒಪ್ಪುತ್ತಾನೆ. ಬೈರನ್‌ನ ‘ಮ್ಯಾನ್‌ಫ್ರೆಡ್’ನಲ್ಲೂ (1817) ನಾಯಕನನ್ನು ಸುಡುವುದು ಒಳಗಿನ ಪಾಪಪ್ರಜ್ಞೆಯೇ.

ಲಂಡನ್ನಿನ ಕೊವೆಂಟ್ ಗಾರ್ಡನ್ ರಂಗಮಂದಿರ ಈ ವಸ್ತುವನ್ನು ಮುಟ್ಟಲೊಪ್ಪಲಿಲ್ಲ. ನಾಟಕ ಮೊದಲು ರಂಗಕ್ಕೇರಿದ್ದು 1886ರಲ್ಲಿ, ಅದೂ ಖಾಸಗಿಯಾಗಿ. ಕೊನೆಯ ದೃಶ್ಯದಲ್ಲಿ ಬಿಯಾಟ್ರಿಸ್ ಅಳುವುದಿಲ್ಲ. ವಧಾಸ್ಥಾನಕ್ಕೆ ಹೊರಡುವ ಮುನ್ನ ಮಲತಾಯಿಯಿಂದ ತಲೆಗೂದಲು ಕಟ್ಟಿಸಿಕೊಂಡು, ಆಕೆಯ ಕೂದಲನ್ನೂ ತಾನೇ ಸರಿಮಾಡುತ್ತಾಳೆ.