ಡಾಕ್ಟರ್ ಸೀಟು ಸಿಗದಿದ್ದರೆ ಮುಂದೇನು?



ಹೌಜ್ ಖಾಸ್ ಮೆಟ್ರೋ ಇಳಿದು ಕಾಲು ಸರಾಯ್ ಕಡೆ ನಡೆದರೆ ಸಾಲುಸಾಲು ಕೋಚಿಂಗ್ ಸೆಂಟರ್‌ಗಳು. ಅದೇ ಹಳದಿ ಲೈನಿನಲ್ಲಿ ಎರಡನೇ ಸ್ಟಾಪ್ ಏಮ್ಸ್. ಆದರೆ ಕೋಚಿಂಗ್ ಮುಗಿಸಿದವರೆಲ್ಲ ಅಲ್ಲಿಗೆ ತಲುಪುವುದಿಲ್ಲ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷದ ಆಸುಪಾಸು. ಉಳಿದ ಮಕ್ಕಳ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮುಂದೇನು?

ಆಸ್ಪತ್ರೆ ನಡೆಯುವುದು ಡಾಕ್ಟರು, ನರ್ಸುಗಳಿಂದ ಮಾತ್ರವಲ್ಲ. ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಹೃದಯ ನಿಲ್ಲಿಸಿದಾಗ ರಕ್ತ ಹರಿಸುವ ಯಂತ್ರವನ್ನು ನೋಡಿಕೊಳ್ಳುವವರು ಪರ್ಫ್ಯೂಷನಿಸ್ಟ್. ಡಯಾಲಿಸಿಸ್, ಸ್ಕ್ಯಾನಿಂಗ್, ರಕ್ತಪರೀಕ್ಷೆ, ಫಿಸಿಯೋಥೆರಪಿ, ಕಣ್ಣಿನ ಪರೀಕ್ಷೆ, ಇವೆಲ್ಲಕ್ಕೂ ಬೇರೆ ಬೇರೆ ಪದವಿಗಳಿವೆ. ಏಮ್ಸ್‌ನಲ್ಲೇ ಆಪ್ಟೋಮೆಟ್ರಿ, ಆಪರೇಷನ್ ಥಿಯೇಟರ್ ತಂತ್ರಜ್ಞಾನ ಮುಂತಾದ ಬಿ.ಎಸ್ಸಿ. ಕೋರ್ಸುಗಳಿವೆ. ಊರಿಗೆ ಮರಳಿ ಓದುವುದಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ, 1996ರಲ್ಲಿ ಆರಂಭವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಿವೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಬೇರೆಯಾಗಿಯೇ ಹೇಳಬೇಕು. ಮಾತು ಬಾರದ ಮಗುವಿಗೆ ಅದರ ಮನೆಮಾತಿನಲ್ಲೇ ಕಲಿಸಬೇಕಾಗುತ್ತದೆ. ಕನ್ನಡ, ಹಿಂದಿ ಎರಡೂ ಬಲ್ಲ ನಮ್ಮ ದೆಹಲಿ ಮಕ್ಕಳಿಗೆ ಈ ಕೆಲಸದಲ್ಲಿ ಭಾಷೆಯೇ ಬಂಡವಾಳ.

ಕೆಲಸ ಸಿಗುತ್ತದೆಯೇ? ಖಾಸಗಿ ಆಸ್ಪತ್ರೆ, ಲ್ಯಾಬುಗಳ ಜೊತೆ ಸರ್ಕಾರಿ ಹುದ್ದೆಗಳೂ ಇವೆ. ರೈಲ್ವೆ 2024ರಲ್ಲಿ ಹೊರಡಿಸಿದ ಪ್ಯಾರಾಮೆಡಿಕಲ್ ಪ್ರಕಟಣೆಯಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್, ಪರ್ಫ್ಯೂಷನಿಸ್ಟ್, ರೇಡಿಯೋಗ್ರಾಫರ್ ಹುದ್ದೆಗಳಿದ್ದವು. ಆದರೆ ಮೊದಲ ಕೆಲಸದ ಸಂಬಳ ಡಾಕ್ಟರರ ಸಂಬಳದಷ್ಟಿರುವುದಿಲ್ಲ, ರಾತ್ರಿ ಪಾಳಿಯೂ ಇರುತ್ತದೆ. ಇದನ್ನು ಮಕ್ಕಳಿಗೆ ಮೊದಲೇ ಹೇಳುವುದು ಒಳ್ಳೆಯದು.

ಇನ್ನು ಮುಖ್ಯ ಮಾತು. 'ಪ್ಯಾರಾಮೆಡಿಕಲ್, ನೂರಕ್ಕೆ ನೂರು ಉದ್ಯೋಗ' ಎಂಬ ಬೋರ್ಡು ನೋಡಿ ಫೀಸು ಕಟ್ಟಬೇಡಿ. 2021ರಲ್ಲಿ ಸಂಸತ್ತು ಈ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದೆ. ಅದರ ಪ್ರಕಾರ ತಂತ್ರಜ್ಞರ ಕಲಿಕೆ ಕನಿಷ್ಠ 2,000 ಗಂಟೆ ಇರಬೇಕು. ಚಿಕಿತ್ಸೆ, ಸಲಹೆ ನೀಡುವ ಆರೋಗ್ಯ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆ. ಆರು ತಿಂಗಳ ಸರ್ಟಿಫಿಕೇಟ್ ಇದಕ್ಕೆ ಸಾಟಿಯಲ್ಲ. ಹಾಗಾಗಿ ಸೇರುವ ಮುನ್ನ ಮೂರು ವಿಷಯ ಕೇಳಿ:

1. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಕೋರ್ಸಿಗೆ ಮಾನ್ಯತೆ ಇದೆಯೇ? ವಾಕ್ ಶ್ರವಣ ಕೋರ್ಸಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ನೋಡಿ.

2. ತರಬೇತಿ ಯಾವ ಆಸ್ಪತ್ರೆಯಲ್ಲಿ? ಅಲ್ಲಿ ಆ ವಿಭಾಗ ನಿಜವಾಗಿ ಇದೆಯೇ? ಡಯಾಲಿಸಿಸ್ ಯಂತ್ರವೇ ಇಲ್ಲದ ಕಡೆ ಡಯಾಲಿಸಿಸ್ ಕಲಿಯಲಾಗದು.

3. ಹೋದ ವರ್ಷ ಓದಿದವರು ಈಗ ಎಲ್ಲಿ ಕೆಲಸದಲ್ಲಿದ್ದಾರೆ? ಸಾಧ್ಯವಾದರೆ ಒಬ್ಬಿಬ್ಬರ ಜೊತೆ ನೇರವಾಗಿ ಮಾತಾಡಿ.

ಪ್ರವೇಶದ ನಿಯಮಗಳು ಬದಲಾಗುತ್ತಿರುತ್ತವೆ. ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದಿ, ಅವರಿವರ ಮಾತು ನಂಬಬೇಡಿ.

ಸೀಟು ಸಿಗಲಿಲ್ಲವೆಂದು ತಲೆತಗ್ಗಿಸಿ ಕೂತ ಮಗು ನಿಮ್ಮ ಮನೆಯಲ್ಲಿದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ. ಓದಿದ ಮೇಲೆ ಜೊತೆಯಲ್ಲಿ ಕೂತು ಮಾತಾಡಿ. ಶುಭವಾಗಲಿ.