ಬೇನೆಯ ಭಾಷೆ ಮತ್ತು ವೈದ್ಯರ ಕಿವಿ

ವೈದ್ಯರ ಕೋಣೆಯಿಂದ ಹೊರಬಂದ ರೋಗಿ “ಡಾಕ್ಟರು ನನ್ನ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ” ಎಂದು ನೊಂದುಕೊಳ್ಳುವುದು ಎಲ್ಲ ಊರುಗಳಲ್ಲಿಯೂ ಕಂಡುಬರುವ ಸಂಗತಿ. ವೈದ್ಯರ ಒರಟುತನ ಅಥವಾ ರೋಗಿಯ ಹಟವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಇದರ ಮೂಲದಲ್ಲಿ ಭಾಷೆಯ ಪ್ರಶ್ನೆಯೂ ಅಡಗಿದೆ.

1984ರಲ್ಲಿ ಅಮೆರಿಕದ ಹೊವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ ವೈದ್ಯ-ರೋಗಿ ಸಂಭಾಷಣೆಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ಅದನ್ನು ತಡೆಯುತ್ತಿದ್ದರೆಂದು ಅದು ತೋರಿಸಿತು. ರೋಗಿ ಮೊದಲು ಹೇಳುವ ತೊಂದರೆಯೇ ಮುಖ್ಯವಾಗಿರಬೇಕೆಂದಿಲ್ಲ. ಸಂಕೋಚದ ಸಂಗತಿಯನ್ನು ಆತ ಕೊನೆಗೆ ಉಳಿಸಿಕೊಂಡಿರಬಹುದು. ಮಾತು ತುಂಡಾದರೆ ಅದು ಹೊರಬರುವುದೇ ಇಲ್ಲ. ಹೊರಗೆ ಸಾಲುಗಟ್ಟಿ ನಿಂತ ರೋಗಿಗಳ ಒತ್ತಡ ವೈದ್ಯರ ಮೇಲೂ ಇದೆಯೆಂಬುದನ್ನು ಮರೆಯಲಾಗದು.

ವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಆರ್ಥರ್ ಕ್ಲೈನ್‌ಮನ್ ಇಲ್ಲಿ ಉಪಯುಕ್ತವಾದ ಭೇದವೊಂದನ್ನು ಮಾಡಿದ್ದಾರೆ: ವೈದ್ಯಶಾಸ್ತ್ರ ಗುರುತಿಸುವ ದೇಹವಿಕಾರ ಒಂದು, ಅದನ್ನು ರೋಗಿ ಅನುಭವಿಸುವ ಬಗೆ ಇನ್ನೊಂದು. ಕನ್ನಡದಲ್ಲಿ ಮೊದಲನೆಯದನ್ನು ‘ರೋಗ’ವೆಂದೂ ಎರಡನೆಯದನ್ನು ‘ವೇದನಾ’ ಶಬ್ದದ ತದ್ಭವವಾದ ‘ಬೇನೆ’ಯೆಂದೂ ಕರೆಯಬಹುದು. ವೈದ್ಯರು ರೋಗವನ್ನು ಹುಡುಕುತ್ತಾರೆ. ರೋಗಿ ಬೇನೆಯನ್ನು ಹೇಳುತ್ತಾನೆ. ತಪಾಸಣೆಯಲ್ಲಿ ರೋಗ ಕಾಣದಿದ್ದಾಗ ವೈದ್ಯರು “ಏನೂ ಆಗಿಲ್ಲ” ಎನ್ನುವುದು ಸಮಾಧಾನಕ್ಕಾಗಿ. ರೋಗಿಗೆ ಮಾತ್ರ ತಾನು ಸುಳ್ಳು ಹೇಳಿದೆನೆಂದು ಅವರು ತಿಳಿದಂತೆ ಭಾಸವಾಗುತ್ತದೆ.

ಗಡಿನಾಡಿನಲ್ಲಿ ಈ ಅಂತರಕ್ಕೆ ಇನ್ನೊಂದು ಪದರ ಸೇರಿಕೊಳ್ಳುತ್ತದೆ. ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳ ಹಿರಿಯರು ಸೊಲ್ಲಾಪುರ, ಸಾಂಗಲಿಗಳ ಮರಾಠಿ ವೈದ್ಯರಲ್ಲಿಗೆ ಹೋದಾಗ ಜೊತೆಗಿದ್ದ ಮಗನೋ ಮೊಮ್ಮಗಳೋ ದುಭಾಷಿಯಾಗಬೇಕಾಗುತ್ತದೆ. “ಮುಂಜಾನಿಂದ ಸಂಕಟ ಆಗ್ಲಾಕತ್ತದ” ಎಂದು ಅಜ್ಜಿ ಹೇಳಿದರೆ ಅದನ್ನು ಹಾಗೆಯೇ ದಾಟಿಸುವಂತಿಲ್ಲ. ಮರಾಠಿಯ ‘ಸಂಕಟ’ ಎಂದರೆ ವಿಪತ್ತು, ದೇಹದ ತಳಮಳವಲ್ಲ. ಅವಸರದಲ್ಲಿ ಅದು ‘ಪೋಟಾತ ದುಖತಂಯ’, ಅಂದರೆ ಹೊಟ್ಟೆನೋವು, ಎಂದಾಗಬಹುದು. ಹೃದಯಾಘಾತದ ಪ್ರಧಾನ ಲಕ್ಷಣ ಎದೆನೋವೇ ಆದರೂ, ಸ್ತ್ರೀಯರಲ್ಲಿ ವಾಕರಿಕೆ, ಉಬ್ಬಸ, ಬೆನ್ನು-ದವಡೆಗಳ ನೋವು, ವಿಪರೀತ ದಣಿವು ಕಾಣಿಸಿಕೊಳ್ಳುವುದೂ ಉಂಟು. ಆಗ ಈ ಒಂದು ಪದದ ತಪ್ಪು ಪ್ರಾಣಕ್ಕೇ ಎರವಾದೀತು.

‘ಕಾಲುನೋವು’ ಎಂಬ ಒಂದೇ ಮಾತಿನಲ್ಲಿಯೂ ಹಲವು ಬೇನೆಗಳು ಮುಚ್ಚಿಹೋಗುತ್ತವೆ. ಅಂಗಾಲಿನ ಉರಿ ಮತ್ತು ಜೋಮು ಸಕ್ಕರೆ ಕಾಯಿಲೆಯಿಂದ ನರಗಳಿಗಾದ ಹಾನಿಯನ್ನು ಸೂಚಿಸಬಹುದು. ನಡೆಯುವಾಗ ಮೀನಖಂಡ ಹಿಡಿದು, ನಿಂತೊಡನೆ ಬಿಡುವ ನೋವು ರಕ್ತಸಂಚಾರದ ಕೊರತೆಯ ಗುರುತಾಗಿರಬಹುದು. ಕನ್ನಡದಲ್ಲಿ ಉರಿ, ಜೋಮು, ಸೆಳೆತ, ಚಳುಕು, ಸಿಡಿತಗಳಿರುವಂತೆ ಮರಾಠಿಯಲ್ಲಿಯೂ ಆಗ, ಮುಂಗ್ಯಾ, ಕಳ, ಠಣಕಾ ಎಂಬ ಪದಗಳಿವೆ. ಬಡತನ ಎರಡೂ ಭಾಷೆಗಳದ್ದಲ್ಲ, ದುಭಾಷಿಯ ಅವಸರದ್ದು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು, ಕಾಯಿಲೆಯ ವಿವರವನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆನ್ನುತ್ತದೆ. 2019ರಿಂದ ವೈದ್ಯಶಿಕ್ಷಣದ ಪಠ್ಯಕ್ರಮದಲ್ಲಿ ಸಂವಹನಕ್ಕೂ ಸ್ಥಾನ ದೊರೆತಿದೆ. ಅಷ್ಟಕ್ಕೇ ಎಲ್ಲವೂ ನೇರ್ಪಡುವುದಿಲ್ಲ. ಆಸ್ಪತ್ರೆಗೆ ಹೊರಡುವ ಮುನ್ನ ತೊಂದರೆ ಯಾವಾಗ ಆರಂಭವಾಯಿತು, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು. ಮುಖ್ಯವಾದುದನ್ನು ಮೊದಲು ಹೇಳಬೇಕು. ಸರಿಯಾದ ಮರಾಠಿ ಪದ ದೊರೆಯದಿದ್ದರೆ ಹತ್ತಿರದ ಪದಕ್ಕೆ ತೃಪ್ತಿಪಡದೆ, ಎಲ್ಲಿ, ಹೇಗೆ ಆಗುತ್ತದೆಂಬುದನ್ನು ಬಿಡಿಸಿ ಹೇಳಬೇಕು. ವೈದ್ಯರ ಉತ್ತರವನ್ನೂ ಪೂರ್ತಿಯಾಗಿ ಕನ್ನಡಕ್ಕೆ ತಂದು ಹಿರಿಯರಿಗೆ ತಲುಪಿಸಬೇಕು.

ಎರಡೂ ಭಾಷೆಗಳನ್ನು ಬಲ್ಲ ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ತಮ್ಮ ಮನೆ, ಓಣಿಗಳಲ್ಲಿ ಬಳಕೆಯಲ್ಲಿರುವ ಬೇನೆಯ ಪದಗಳನ್ನು ಸಂಗ್ರಹಿಸಿ, ಅವುಗಳಿಗೆ ಮರಾಠಿ ಸಮಾನಪದಗಳನ್ನೂ ವಿವರಣೆಯನ್ನೂ ಒದಗಿಸಿದರೆ ಅದು ಉತ್ತಮ ಕ್ಷೇತ್ರಕಾರ್ಯವಾಗುತ್ತದೆ. ಅಂಥ ಪಟ್ಟಿ ವೈದ್ಯರ ಮೇಜಿನ ಮೇಲೂ ಇರಲು ಯೋಗ್ಯವಾದುದು.